ಮಾವನ ಹೆಸರಿನ ಮಗ

ಸವಣೂರಿನ ಎಲಿಗಾರ ಮನೆತನದ ಸೊಸೆ ದಾನವ್ವ ಮದುವೆಯಾದ ಮೇಲೆ ಮಲ್ಲಿಗೆ ಹೂವನ್ನು ಮಲ್ಲಿಗೆ ಎಂದವಳಲ್ಲ. ಗಂಡನ ಹೆಸರು ಮಲ್ಲೇಶಪ್ಪ, ಅದಕ್ಕೆ. ಹೂಮಾರುವವಳು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದರೆ “ಆ ಬಿಳೀ ಹೂವ ಕೊಡವಾ” ಎನ್ನುತ್ತಿದ್ದಳು. ಬುಟ್ಟಿಯಲ್ಲಿ ಬಿಳಿ ಸೇವಂತಿಗೆಯೂ ಇದ್ದ ದಿನ ಬೆರಳು ಮಾಡಿ ತೋರಿಸುತ್ತಿದ್ದಳು. ಅತ್ತೆಯ ಹೆಸರು ವೀರವ್ವ. ಹಾಗಾಗಿ ವೀರಭದ್ರ ದೇವರು ದಾನವ್ವನ ಬಾಯಲ್ಲಿ ‘ಕತ್ತಿ ಹಿಡಿದ ದೇವರು’ ಆಗಿಬಿಟ್ಟಿದ್ದ. ದೇವರು ಅದಕ್ಕೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಇದರಲ್ಲಿ ದಾನವ್ವನ ಹೆಚ್ಚುಗಾರಿಕೆ ಏನೂ ಇಲ್ಲ. ಆಗಿನ ಸೊಸೆಯಂದಿರೆಲ್ಲ ಗಂಡನ ಮನೆಯ ಹಿರಿಯರ ಹೆಸರುಗಳನ್ನು ತಪ್ಪಿಸಿ ಸುತ್ತುಹಾಕಿಯೇ ಮಾತಾಡುತ್ತಿದ್ದರು. ಹೆಸರು ಹಿಡಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಹಾಗಾದರೆ ಸತ್ತುಹೋದವರ ಹೆಸರಿಗೂ ಈ ಕಟ್ಟು ಯಾಕೆ ಎಂದು ಯಾರೂ ಕೇಳಲಿಲ್ಲ, ದಾನವ್ವನೂ ಕೇಳಲಿಲ್ಲ.

ಅವಳ ಸ್ವಂತ ಹೆಸರು ಹರಕೆಯದು. ರಟ್ಟೀಹಳ್ಳಿಯ ತವರಿನಲ್ಲಿ ಅವಳ ಅವ್ವ ಮಕ್ಕಳಿಗಾಗಿ ಗುಡ್ಡಾಪುರದ ದಾನಮ್ಮನಿಗೆ ಬೇಡಿಕೊಂಡು ಹಡೆದಿದ್ದಳು. ಕೊಟ್ಟ ದೇವಿಯ ಹೆಸರನ್ನೇ ಇಟ್ಟರು. ಹಾಗೆ ಬಂದ ಹೆಸರನ್ನು ತವರಿನಲ್ಲಿ ದಿನಕ್ಕೆ ನೂರು ಸಲ ಕರೆಯುತ್ತಿದ್ದರು. ನೀರಿಗೆ, ಉರುವಲಿಗೆ, ಊಟಕ್ಕೆ, ಸುಮ್ಮನೆ ಮುಖ ನೋಡಲಿಕ್ಕೆ. ಕರೆಸಿಕೊಳ್ಳುವುದು ಒಂದು ಸುಖ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಇನ್ನು ಮಾವನ ಹೆಸರು. ಅದು ಕುಬೇರಪ್ಪ. ದಾನವ್ವನ ಬದುಕೆಲ್ಲ ಈ ಒಂದು ಹೆಸರಿಗೆ ತಗಲಿಕೊಂಡಿದ್ದರಿಂದ ಅದು ಬಂದ ದಾರಿಯನ್ನೂ ಸ್ವಲ್ಪ ಹೇಳಬೇಕು. ಮನೆತನ ಮೂಲದಲ್ಲಿ ಹಾನಗಲ್ಲಿನದು. ಉಡಲು ಉಣ್ಣಲು ಗತಿಯಿಲ್ಲದ ಒಕ್ಕಲು. ಹೆಸರಿನ ಪುಣ್ಯದಿಂದಲಾದರೂ ನಾಲ್ಕು ಕಾಳು ಮನೆಗೆ ಬಂದಾವು ಎಂದು ತಾಯಿ ಮಗನಿಗೆ ಸಿರಿವಂತ ದೇವರ ಹೆಸರಿಟ್ಟಳಂತೆ. ಮಗ ಬೆಳೆದು ಸವಣೂರಿಗೆ ಬಂದ. ಯಾರದೋ ತೋಟದಲ್ಲಿ ವೀಳ್ಯದೆಲೆಯ ಬಳ್ಳಿ ಕಟ್ಟುವ ಕೂಲಿಗೆ ನಿಂತು, ಬೆನ್ನು ಬಗ್ಗಿಸಿ ದುಡಿದು, ಕೊನೆಗೆ ಸ್ವಂತದ್ದೊಂದು ಎಲೆತೋಟ ಮಾಡಿದ. ಊರಿಗೆ ಬಂದಾಗ ಜನ ಅವನನ್ನು ‘ಹಾನಗಲ್ಲದಾಂವ’ ಎನ್ನುತ್ತಿದ್ದರು. ಸಾಯುವ ಹೊತ್ತಿಗೆ ‘ಎಲಿಗಾರ ಕುಬೇರಪ್ಪನವರು’ ಆಗಿದ್ದ. ಅಂದರೆ ಮನೆಯ ಅಡ್ಡಹೆಸರು ಹುಟ್ಟಿದ್ದೇ ಅವನ ಬೆವರಿನಿಂದ.

ಅಂಥವನು ತೀರಿಕೊಂಡ ಮರುವರ್ಷ ದಾನವ್ವ ಗಂಡು ಹಡೆದಳು. ಏನು ಹೆಸರಿಡೋಣ ಎಂಬ ಮಾತೇ ಏಳಲಿಲ್ಲ. ಸತ್ತ ಅಜ್ಜನ ಹೆಸರು ಮೊಮ್ಮಗನಿಗೆ ಹೋಗುವುದು ಆ ಸೀಮೆಯ ರೂಢಿ. ಹೋದ ಹಿರಿಯರು ಹೀಗೆ ತಿರುಗಿ ಮನೆಗೆ ಬರುತ್ತಾರಂತೆ. ಬಾಣಂತನ ತವರಿನಲ್ಲಾದರೂ ತೊಟ್ಟಿಲಿಗೆ ಹಾಕುವುದು ಮಾತ್ರ ಸವಣೂರಿನಲ್ಲೇ ಆಗಬೇಕೆಂದು ವೀರವ್ವ ಪಟ್ಟು ಹಿಡಿದಳು. “ನಮ್ಮ ಮನಿಯವರ ಹೆಸರ ನಮ್ಮ ಮನಿಯಾಗ ಕೂಗಬೇಕು” ಎಂದಳು. ಹೆಸರು ಕರೆಯುವ ಹಕ್ಕು ಸೋದರತ್ತೆಯದು. ನಾದಿನಿ ಅಡಿವೆವ್ವ, ವೀರವ್ವ ಅಡವಿಯಿಂದ ಕಟ್ಟಿಗೆ ತರುವಾಗ ದಾರಿಯಲ್ಲೇ ಹುಟ್ಟಿದ್ದಕ್ಕೆ ಆ ಹೆಸರು ಪಡೆದವಳು, ಕೂಸಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದು ಕೂಗಿ ಹೆಸರು ಹೇಳಿದಳು. ಸುತ್ತಲಿನ ಹೆಂಗಸರು ಪದ್ಧತಿಯಂತೆ ಅವಳ ಬೆನ್ನ ಮೇಲೆ ಗುದ್ದಿದರು. ಹಳೇ ಸಿಟ್ಟು ಇದ್ದವರು ಸ್ವಲ್ಪ ಜೋರಾಗಿಯೇ ಗುದ್ದಿದರು. ಆ ಗದ್ದಲದಲ್ಲಿ ಒಬ್ಬಳು ಬಾಣಂತಿಯನ್ನು ಕೆಣಕಿದಳು:

“ಕೂಸಿನ ಹೆಸರ ಏನಂದ್ರು ದಾನವ್ವಾ? ನನಗ ಕೇಳಸಲಿಲ್ಲ. ನೀನರ ಹೇಳವಾ.”

ದಾನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಎಲ್ಲರೂ ನಕ್ಕರು. ಆ ನಗುವನ್ನು ಅವಳು ಆಮೇಲೆ ನೆನೆಸಿಕೊಂಡು ನೆನೆಸಿಕೊಂಡು ಅತ್ತಳು.

ಇಂಥ ಪೇಚು ಬೇರೆ ಮನೆಗಳಲ್ಲೂ ಬರುತ್ತಿತ್ತು, ಅದಕ್ಕೆ ಹಾದಿಯೂ ಇತ್ತು. ಮಾವನ ಹೆಸರಿನ ಮಗನಿಗೆ ಇನ್ನೊಂದು ಕರೆಯುವ ಹೆಸರು ಇಟ್ಟುಕೊಳ್ಳುತ್ತಿದ್ದರು. ಪುಟ್ಟಪ್ಪ, ಸಣ್ಣಪ್ಪ, ಬಾಳಪ್ಪ, ಏನೋ ಒಂದು. ದಾನವ್ವನೂ ತೊಟ್ಟಿಲು ತೂಗುತ್ತ ಒಂದು ದಿನ “ಪುಟ್ಟಪ್ಪಾ” ಎಂದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ವೀರವ್ವನ ಕೈ ನಿಂತಿತು.

“ಮನಿಯವರು ತಮ್ಮ ಹೆಸರ ತಾವು ಹೊತ್ತು ಬಂದಾರ. ಅದಕ್ಕ ಬಾಲಾ ಕೊಂಬು ಹಚ್ಚಬ್ಯಾಡ” ಎಂದಳು.

ಅಲ್ಲಿಗೆ ಪುಟ್ಟಪ್ಪ ಮುಗಿದ. ಉಳಿದದ್ದು ‘ತಮ್ಮಾ’. ಅದು ಬೀದಿಯಲ್ಲಿ ಹೋಗುವ ಯಾವ ಹುಡುಗನಿಗಾದರೂ ಸಲ್ಲುವ ಮಾತು. ವೀರವ್ವನಿಗೂ ಅದು ಗಂಡನ ಹೆಸರು, ಅವಳೂ ಹಿಡಿದು ಕರೆಯುವಂತಿಲ್ಲ. ಹೋಗಲಿ ಅಪ್ಪನಾದರೂ ಕರೆಯುತ್ತಿದ್ದನೇ ಎಂದರೆ ಅವನದು ಬೇರೆ ಕಷ್ಟ. ಹೆತ್ತ ತಂದೆಯ ಹೆಸರು ಹಿಡಿದು ಮಗನನ್ನು ಬೈಯುವುದು ಹೇಗೆ? ಬೈಯದೆ ಮಗನ ಜೊತೆ ಮಾತಾಡಲು ಮಲ್ಲೇಶಪ್ಪನಿಗೆ ಬರುತ್ತಿರಲಿಲ್ಲ. ಹೀಗಾಗಿ ಅವನು ‘ಲೇ’ ಎನ್ನುತ್ತಿದ್ದ. ಅಷ್ಟು ದೊಡ್ಡ ಹೆಸರು ಹೊತ್ತ ಹುಡುಗನಿಗೆ ಸ್ವಂತ ಮನೆಯಲ್ಲಿ ಹೆಸರೇ ಇಲ್ಲದ ಹಾಗಾಯಿತು.

ವೀರವ್ವನ ಭಕ್ತಿಯಂತೂ ನೋಡುವ ಹಾಗಿತ್ತು. ಅಂಬೆಗಾಲಿಕ್ಕುವ ಮೊಮ್ಮಗ ಎದುರು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಗಂಡ ಕೂರುತ್ತಿದ್ದ ಮಣೆಯಲ್ಲೇ ಅವನನ್ನು ಕೂರಿಸಿ, ಮನೆಮಂದಿಗಿಂತ ಮೊದಲು ಅವನಿಗೆ ಬಡಿಸುತ್ತಿದ್ದಳು. ಹುಡುಗನಿಗೆ ಬದನೆಕಾಯಿ ಪಲ್ಯ ಸೇರುತ್ತಿರಲಿಲ್ಲ. ಆದರೆ ಅಜ್ಜನಿಗೆ ಅದೆಂದರೆ ಪ್ರಾಣವಾಗಿತ್ತಂತೆ, ಆದ್ದರಿಂದ ಹುಡುಗ ಬದನೆಕಾಯಿ ತಿಂದೇ ಬೆಳೆದ. ದಾನವ್ವ ಕದ್ದು ಅವನ ತಟ್ಟೆಗೆ ಬೆಲ್ಲ ಹಾಕುತ್ತಿದ್ದಳು.

ಗೋಡೆಯಾಚೆ ರೋಶನಬಿಯ ಮನೆ. ಖಾರಾ ಕರಿದು ಮಾರುವ ಕುಟುಂಬ. ಮಧ್ಯಾಹ್ನವಾದರೆ ಆ ಕಡೆಯಿಂದ ಕಡಲೆಹಿಟ್ಟು ಎಣ್ಣೆಗೆ ಬೀಳುವ ಸಪ್ಪಳ, ವಾಸನೆ ಬರುತ್ತಿತ್ತು. ರೋಶನಬಿಗೂ ಗಂಡ ಬಾಬಾಜಾನನ ಹೆಸರು ಹೇಳಲು ಬಾರದು. “ನಮ್ಮ ಬಿಬಿಜಾನನ ಅಪ್ಪ” ಎಂದು ಮಗಳ ಹೆಸರಿನಿಂದ ದಾಟಿಬಿಡುತ್ತಿದ್ದಳು. ಆದರೆ ಎಲಿಗಾರರ ಹುಡುಗನ ಹೆಸರಿಗೂ ಅವಳಿಗೂ ಯಾವ ಅಡ್ಡಿ? ಸಂಜೆಗೆ ದಾನವ್ವ ಹಿತ್ತಲಿಗೆ ಬಂದು ಗೋಡೆಯ ಮೇಲೆ ಮುಖ ತೋರಿಸಿದರೆ ಸಾಕು, ರೋಶನಬಿಗೆ ತಿಳಿಯುತ್ತಿತ್ತು. ಅವಳ ಗಂಟಲು ಕೋಟೆಬಾಗಿಲ ತನಕ ಕೇಳುವಂಥದ್ದು.

“ಏ ಕುಬೇರಪ್ಪಾ! ನಿಮ್ಮವ್ವ ಕರೀತಾಳ, ಬಾರೋ!”

ಎಲ್ಲಿದ್ದರೂ ಹುಡುಗ ಓಡಿ ಬರುತ್ತಿದ್ದ. ಓಡಿ ಬಂದು ಅವ್ವನ ಎದುರಲ್ಲ, ರೋಶನಬಿಯ ಎದುರು ನಿಲ್ಲುತ್ತಿದ್ದ. ದಾನವ್ವ ನಗುತ್ತಿದ್ದಳು, ಒಳಗೆ ಎಲ್ಲೋ ಒಂದು ಕಡೆ ಚುರ್ ಎನ್ನುತ್ತಿತ್ತು. ಸಾಲೆಗೆ ಹಾಕಿದ ಮೇಲೆ ಅವನು ಎಲ್ಲರಿಗಿಂತ ಮೊದಲು ಹೋಗಿ ಕೂರಲು ಶುರು ಮಾಡಿದ. ಓದಿನಲ್ಲಿ ಹೇಳಿಕೊಳ್ಳುವಂಥ ಆಸೆಯೇನಿರಲಿಲ್ಲ.

“ಅಷ್ಟ ಲಗೂನ ಯಾಕ ಹೋಗ್ತಿ ತಮ್ಮಾ?” ಎಂದು ದಾನವ್ವ ಕೇಳಿದಳು.

“ಮಾಸ್ತರು ಹಾಜರಿ ಕರೀತಾರ ಯವ್ವಾ” ಎಂದ.

ಅದರಲ್ಲೇನು ಅಂಥಾದ್ದು ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಹುಡುಗ ಬೆಳೆದು ಮೀಸೆ ಮೂಡಿದ ಹೊತ್ತಿಗೆ ದೊಡ್ಡ ಯುದ್ಧ ಶುರುವಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಕಾಲ ಅದು. ಬಸ್ಸಿನ ಹಿಂದೆ ದೊಡ್ಡ ಹಂಡೆಯಂಥದೊಂದು ಕಟ್ಟಿ ಇದ್ದಿಲು ತುಂಬಿ ಬೆಂಕಿ ಹಾಕಿ ಗಾಳಿ ಊದುವ ತಿದಿ ತಿರುಗಿಸುತ್ತಿದ್ದರು. ಸವಣೂರಿನಿಂದ ಶಿಗ್ಗಾವಿ, ಹಾನಗಲ್ಲಿಗೆ ಹೋಗುವ ಅಂಥದೊಂದು ಬಸ್ಸಿಗೆ ಹುಡುಗ ಮನಸೋತ. ತೋಟದ ಕೆಲಸ ಬಿಟ್ಟು ಹೋಗಿ ತಿದಿ ತಿರುಗಿಸಿದ. ಡ್ರೈವರನ ಕೈಕಾಲು ಹಿಡಿದು ಗಾಡಿ ನಡೆಸುವುದನ್ನೂ ಕಲಿತ. ಮೈಯೆಲ್ಲ ಮಸಿ ಮಾಡಿಕೊಂಡು ಮನೆಗೆ ಬಂದರೆ ಅವನ ಮುಖದಲ್ಲಿ ದಾನವ್ವ ಎಂದೂ ಕಾಣದ ಖುಷಿ ಇರುತ್ತಿತ್ತು.

ಮಲ್ಲೇಶಪ್ಪನಿಗೆ ಇದು ತಿಳಿದ ದಿನ ಮನೆಯಲ್ಲಿ ರಂಪವಾಯಿತು. ಪಡಸಾಲೆಯಲ್ಲಿ ವೀರವ್ವ ಕುಳಿತಿದ್ದಳು, ದಾನವ್ವ ಅಡುಗೆಮನೆಯ ಬಾಗಿಲಿಗೆ ನಿಂತಿದ್ದಳು.

“ಯಾರ ಹೆಸರ ಹೊತ್ತಿ ಗೊತ್ತೈತೇನಲೇ ನಿನಗ? ಆ ಹೆಸರಿನ ಮ್ಯಾಲ ಈ ಮನಿ ನಿಂತೈತಿ. ಅದಕ್ಕ ಇದ್ದಲಿ ಮಸಿ ಬಳೀತಿ?”

“ಅದು ಅಜ್ಜನ ಹೆಸರ” ಎಂದ ಹುಡುಗ. “ತ್ವಾಟ ಅಜ್ಜಂದು, ಮಣಿ ಅಜ್ಜಂದು, ಬದನಿಕಾಯಿ ಪಲ್ಯಾನೂ ಅಜ್ಜಂದು. ನಂದೇನೈತಿ ಈ ಮನಿಯಾಗ? ನನ್ನ ಒಂದ ದಿನಾ ಹೆಸರ ಹಿಡದ ಕರದೀರೇನು ಯಾರರ?”

ಅವನು ಅಡುಗೆಮನೆಯ ಬಾಗಿಲ ಕಡೆ ತಿರುಗಿದ. ಸಿಟ್ಟು ಹೋಗಿ ದನಿ ಚಿಕ್ಕ ಹುಡುಗನದಾಗಿತ್ತು.

“ಯವ್ವಾ, ನೀ ಒಂದ ಸಲ ಕರಿ. ಒಂದ ಸಲ. ಬಸ್ಸೂ ಬ್ಯಾಡ, ಏನೂ ಬ್ಯಾಡ. ತ್ವಾಟದಾಗ ಇರ್ತೇನಿ.”

ದಾನವ್ವ ಅತ್ತೆಯ ಕಡೆ ನೋಡಿದಳು. ವೀರವ್ವ ಹಣೆಯ ಮೇಲಿನ ವಿಭೂತಿ ಕಾಣದಷ್ಟು ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು. ಗಂಡನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಇಪ್ಪತ್ತು ವರ್ಷ ಕಟ್ಟಿಟ್ಟ ನಾಲಿಗೆ ಆ ಒಂದು ಗಳಿಗೆಯಲ್ಲಿ ಬಿಚ್ಚಲಿಲ್ಲ.

“ಹುಚ್ಚರಂಗ ಆಡಬ್ಯಾಡ ತಮ್ಮಾ. ಕೈಕಾಲ ತೊಳಕೋ, ಉಣಬಾ” ಎಂದಳು.

ಅವನು ಉಣ್ಣಲು ಬರಲಿಲ್ಲ.

ಸ್ವಲ್ಪ ದಿನದಲ್ಲೇ ಸುದ್ದಿ ಬಂತು. ಗಾಡಿ ನಡೆಸಲು ಬಲ್ಲವರು ಪಲ್ಟನ್ನಿಗೆ ಬೇಕಾಗಿದ್ದಾರೆ, ಹುಡುಗ ಹೆಸರು ಕೊಟ್ಟಿದ್ದಾನೆ, ಯಲವಿಗಿ ಸ್ಟೇಶನ್ನಿನಿಂದ ಆ ದಿನವೇ ಹೊರಡುತ್ತಾನೆ. ಹೇಳಿದವನು ಬಸ್ಸಿನ ಡ್ರೈವರ. ದಾನವ್ವ ಮೊರದಲ್ಲಿದ್ದ ಜೋಳವನ್ನು ಹಾಗೇ ಬಿಟ್ಟು ಎದ್ದಳು. ಮಲ್ಲೇಶಪ್ಪ ಎತ್ತಿನ ಗಾಡಿ ಕಟ್ಟಿದ. ರೋಶನಬಿಯ ಮನೆಯ ಮುಂದೆಯೇ ಗಾಡಿ ಹಾದುಹೋಯಿತು. ಒಳಗೆ ಅವಳು ಖಾರಾ ಕರಿಯುತ್ತಿದ್ದಳು. ಒಂದು ಮಾತು ಹೇಳಿದ್ದರೆ ಬಾಣಲೆ ಇಳಿಸಿ ಕೈ ಒರೆಸಿಕೊಳ್ಳುತ್ತ ಗಾಡಿ ಹತ್ತುತ್ತಿದ್ದಳು. ಆ ಅವಸರದಲ್ಲಿ ದಾನವ್ವನಿಗೆ ಅದು ನೆನಪಾಗಲಿಲ್ಲ. ನೆನಪಾಗದಿದ್ದುದಕ್ಕೆ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಸ್ಟೇಶನ್ನಿನಲ್ಲಿ ರೈಲು ಬಂದು ನಿಂತಿತ್ತು. ಪಲ್ಟನ್ನಿಗೆ ಹೊರಟ ಹುಡುಗರು, ಬೀಳ್ಕೊಡಲು ಬಂದ ತಾಯಂದಿರು, ಗಂಟುಮೂಟೆ, ಎಂಜಿನ್ನಿನ ಬುಸುಬುಸು. ಮುಂದಿನ ಡಬ್ಬಿಯ ಬಾಗಿಲಲ್ಲಿ ನೀಲಿ ಗೀರಿನ ಅಂಗಿಯ ಬೆನ್ನು ಕಂಡಿತು. ಅದು ದಾನವ್ವನೇ ಬಟ್ಟೆ ಆರಿಸಿ ಹೊಲಿಸಿದ ಅಂಗಿ. ಜನರನ್ನು ದಾಟಿ ಅಲ್ಲಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಸೀಟಿ ಹೊಡೆದರು.

“ತಮ್ಮಾ!” ಎಂದು ಕೂಗಿದಳು.

ಎಷ್ಟೋ ಹುಡುಗರು ತಿರುಗಿ ನೋಡಿದರು. ಎಲ್ಲರೂ ಯಾರಿಗೋ ತಮ್ಮಂದಿರೇ. ನೀಲಿ ಗೀರಿನ ಅಂಗಿ ತಿರುಗಲಿಲ್ಲ.

“ತಮ್ಮಾ! ಏ ತಮ್ಮಾ!”

ಅವಳಿಗೆ ಬೇಕಾದ ಮಾತು ಗಂಟಲಿಗೆ ಬಂದಿತ್ತು. ಮೊದಲ ಅಕ್ಷರಕ್ಕೆ ತುಟಿ ಕೂಡ ಮುಂದಾಗಿತ್ತು. ಆದರೆ ಪಕ್ಕದಲ್ಲಿ ಗಂಡ ನಿಂತಿದ್ದ. ಅವನ ತಂದೆಯ ಹೆಸರನ್ನು ಅವನ ಎದುರಿಗೆ, ಇಷ್ಟು ಮಂದಿಯ ನಡುವೆ, ಸೊಸೆಯಾದವಳು ಬಾಯಿಬಿಟ್ಟು ಕೂಗುವುದೇ? ದಾನವ್ವ ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡಳು. ಮಲ್ಲೇಶಪ್ಪ ರುಮಾಲು ಸರಿಮಾಡಿಕೊಳ್ಳುತ್ತ ತುಟಿ ಬಿಗಿದು ನಿಂತಿದ್ದ. ಅವನಾದರೂ ಕರೆಯಬಹುದಿತ್ತು, ಅವನಿಗೇನು ಅಡ್ಡಿ ಇತ್ತು? ಮಗನ ಮುಂದೆ ಸೋತಂತಾಗುತ್ತದೆ ಎಂಬುದೊಂದೇ. ರೈಲು ಹೊರಟಿತು. ನೀಲಿ ಗೀರಿನ ಅಂಗಿ ಬಾಗಿಲಿನಿಂದ ಒಳಗೆ ಸರಿಯಿತು.

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ? ಈ ಪ್ರಶ್ನೆ ದಾನವ್ವನ ಜೊತೆ ಗಾಡಿಯಲ್ಲಿ ಮನೆಗೆ ಬಂತು. ಅವಳ ಜೊತೆ ತೋಟಕ್ಕೆ ಹೋಯಿತು, ಎಲೆ ಕೊಯ್ಯುವಾಗ ಬಳ್ಳಿಯ ಬುಡದಲ್ಲಿ ಕುಳಿತಿತು. ಒಮ್ಮೊಮ್ಮೆ ಅವಳು ಎಂಜಿನ್ನಿನ ಸದ್ದನ್ನು ಬೈಯುತ್ತಿದ್ದಳು, ಒಮ್ಮೊಮ್ಮೆ ತನ್ನ ಹಾಳು ನಾಲಿಗೆಯನ್ನು. ಮರುವರ್ಷ ವೀರವ್ವ ಹಾಸಿಗೆ ಹಿಡಿದಳು. ಕಡೆಯ ದಿನಗಳಲ್ಲಿ ಅವಳಿಗೆ ಮೊಮ್ಮಗ ಯಾರು, ಗಂಡ ಯಾರು ಎಂಬುದೆಲ್ಲ ಕಲಸಿಹೋಗಿತ್ತು. “ಮನಿಯವರು ಯಾಕ ಉಣ್ಣಾಕ ಬರವಲ್ರು? ಕರೀ ಹೋಗ” ಎಂದು ಸೊಸೆಗೆ ಹೇಳುತ್ತಿದ್ದಳು. ದಾನವ್ವ ಅಂಗಳದ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ಒಳಗೆ ಬರುತ್ತಿದ್ದಳು. ಆ ಮುದುಕಿಯ ಮೇಲೆ ಸಿಟ್ಟು ಮಾಡಬೇಕೆಂದರೂ ಆಗುತ್ತಿರಲಿಲ್ಲ.

ಯುದ್ಧ ಮುಗಿಯಿತು. ಹೋದವರಲ್ಲಿ ಕೆಲವರು ಬಂದರು. ಹುಡುಗನ ವಿಷಯಕ್ಕೆ ಸರಕಾರದವರು ತಿಳಿಸಿದ್ದು ಇಷ್ಟೇ, ಬರ್ಮಾದ ಕಡೆ ಪತ್ತೆಯಿಲ್ಲ. ಶಿಗ್ಗಾವಿಯ ಗುದ್ಲೆಪ್ಪ ಎಂಬವನು ಅವನ ಜೊತೆ ಪಲ್ಟನ್ನಿನ ಗಾಡಿ ನಡೆಸುತ್ತಿದ್ದನೆಂದು ಗೊತ್ತಾಗಿ ಗಂಡಹೆಂಡಿರು ಹೋದರು. ಗುದ್ಲೆಪ್ಪ ಒಂದು ಕಾಲು ಎಳೆಯುತ್ತ ಬಂದು ಚಾಪೆ ಹಾಸಿದ.

“ಕುಂತ್ಕೋರಿ ಯವ್ವಾ. ಕುಬೇರಪ್ಪನ ಅವ್ವ ಅಲ್ರಿ ನೀವು? ಭಾಳ ಚಲೋ ಹುಡುಗ. ದಿನಾ ಮುಂಜಾನೆ ನಮ್ಮನ್ನ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರ ಕರೀತಿದ್ರು. ನಮಗೆಲ್ಲ ಅದು ಬ್ಯಾಸರ. ಇಂವಗ ಮಾತ್ರ ಹಬ್ಬ ನೋಡ್ರಿ. ಕುಬೇರಪ್ಪ ಅಂದ್ರ ಸಾಕು, ಗುಡ್ಡದ ಆಚೆ ಕೇಳೂಹಂಗ ಹಾಜರ್ ಅಂತ ಒದರತಿದ್ದ. ಹಿಂಗ್ಯಾಕ ಒದರತಿಲೇ ಅಂದ್ರ, ನಮ್ಮ ಮನಿ ತನಕ ಕೇಳಬೇಕು ಅಂತಿದ್ದ.”

ಮಲ್ಲೇಶಪ್ಪ ಎದ್ದು ಹೊರಗೆ ಹೋದ. ದಾನವ್ವ ಕದಲಲಿಲ್ಲ.

“ಆಮ್ಯಾಲ?” ಎಂದಳು.

“ಒಂದ ಹೊಳಿ ದಾಟಬೇಕಾಗಿತ್ರಿ. ಮ್ಯಾಲಿಂದ ಬಾಂಬ್ ಬಿದ್ದು ಸೇತುವೆ ಹೋತು. ಹೊಳಿ ದಂಡಿ ಮುಟ್ಟಿದವರನ್ನ ನಿಲ್ಲಿಸಿ ಹೆಸರ ಕರದ್ರು. ಇಂವನ ಹೆಸರ ಮತ್ತ ಮತ್ತ ಕರದ್ರು ಯವ್ವಾ. ಓ ಅನ್ನಲಿಲ್ಲ.”

“ಓ ಅನ್ನಲಿಲ್ಲ ಅಂದ್ರ ಇಲ್ಲ ಅಂತ ಆತೇನಪಾ?” ಎಂದಳು ದಾನವ್ವ. “ನಾ ಕರದಾಗೂ ಅಂವ ಓ ಅಂದಿದ್ದಿಲ್ಲ.”

ಗುದ್ಲೆಪ್ಪನಿಗೆ ಇದು ಅರ್ಥವಾಗಲಿಲ್ಲ.

ಆ ದಿನದಿಂದ ದಾನವ್ವ ಹಟ ಹಿಡಿದಳು. ಮಗ ಸತ್ತಿಲ್ಲ. ಕರ್ಮ ಮಾಡಿಸಬೇಕೆಂದ ಅಯ್ಯನವರನ್ನು ಬಾಗಿಲಿನಿಂದಲೇ ಕೈಮುಗಿದು ಕಳಿಸಿದಳು. ಮಣೆ ಹಾಕುವುದನ್ನು ಬಿಡಲಿಲ್ಲ, ಆದರೆ ಬದನೆಕಾಯಿ ಮಾಡುವುದನ್ನು ಬಿಟ್ಟಳು. ತೋಟದಲ್ಲಿ ಒಬ್ಬಳೇ ಇರುವಾಗ ಆ ಹೆಸರನ್ನು ಹೇಳಿ ನೋಡಲು ಯತ್ನಿಸುತ್ತಿದ್ದಳು. ಅತ್ತೆ ಇಲ್ಲ, ಗಂಡ ದೂರ, ಕೇಳುವವರು ಬಳ್ಳಿಗಳು ಮಾತ್ರ. ಆದರೂ ಬಾಯಿ ಬರುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು, ಹೆಸರು ಮಾತ್ರ ಬರುತ್ತಿರಲಿಲ್ಲ. ಯಾರೂ ಕಾವಲಿಲ್ಲದ ಬಾಗಿಲನ್ನು ದಾಟಲಾರದ ತನ್ನ ಹೇಡಿತನಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಮಗಳು ಸರೋಜವ್ವ ಚೊಚ್ಚಲ ಬಾಣಂತನಕ್ಕೆ ಬಂದಳು. ಅವಳನ್ನು ಹಿರೇಕೆರೂರಿನ ಕಡೆ ಚಿಕ್ಕೇರೂರಿಗೆ ಕೊಟ್ಟಿದ್ದರು. ಅಣ್ಣ ಹೋದಾಗ ಲಂಗ ಉಡುತ್ತಿದ್ದ ಹುಡುಗಿ ಈಗ ತಾಯಿಯಾದಳು, ಗಂಡುಕೂಸು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಸರೋಜವ್ವ ಎಣ್ಣೆ ಹಚ್ಚಿಸಿಕೊಳ್ಳುತ್ತ ಮೆಲ್ಲಗೆ ಮಾತು ತೆಗೆದಳು.

“ಯವ್ವಾ, ನಮ್ಮ ಮಾವನವ್ರು ಇನ್ನೂ ಗಟ್ಟಿ ಅದಾರ. ಅವರ ಹೆಸರ ಇಡೂದಿಲ್ಲ. ಕೂಸಿಗೆ ಅಣ್ಣನ ಹೆಸರ ಇಡೂನು ಅಂತ ನನಗ.”

ಎಣ್ಣೆಯ ಕೈ ನಿಂತಿತು. ಇದ್ದವರ ಹೆಸರನ್ನು ಯಾರೂ ಇಡುವುದಿಲ್ಲ. ಹೋದವರದ್ದು ಮಾತ್ರ ಇಡುತ್ತಾರೆ. ಮಗಳು ಕೇಳುತ್ತಿರುವುದು ಏನೆಂದು ದಾನವ್ವನಿಗೆ ಚೆನ್ನಾಗಿ ತಿಳಿಯಿತು.

“ಅಂವ ಅದಾನ” ಎಂದಳು.

“ಇದ್ದಿದ್ರ ಬರ್ತಿದ್ದ ಯವ್ವಾ.”

“ಯಾರ ಕರದಾರಂತ ಬರ್ತಾನ?”

ಸರೋಜವ್ವ ಅಳತೊಡಗಿದಳು. “ನೀ ಹಿಂಗ ಕುಂತ್ರ ಅಣ್ಣನ ಹೆಸರ ನಿನ್ನ ಹೊಟ್ಟಿಯಾಗ ಸಾಯ್ತತಿ ನೋಡು. ನನ್ನ ಮನಿಯಾಗರ ಅದನ್ನ ಕೂಗಿ ಕೂಗಿ ಕರೀಲಿ. ನಮ್ಮ ಅತ್ತಿಗೂ ಅಡ್ಡಿ ಇಲ್ಲ, ನನಗೂ ಅಡ್ಡಿ ಇಲ್ಲ. ಓಣಿ ಮಂದೆಲ್ಲಾ ಕರೀಲಿ.”

ದಾನವ್ವ ಎದ್ದು ತೋಟಕ್ಕೆ ಹೋಗಿ ಸಂಜೆಯ ತನಕ ಬಳ್ಳಿ ಕಟ್ಟಿದಳು. ಒಬ್ಬ ಮಗನನ್ನು ಸಾಯಲು ಬಿಟ್ಟರೆ ಒಂದು ಹೆಸರು ಬದುಕುತ್ತದೆ. ಎಂಥ ವ್ಯಾಪಾರ ಇದು, ದೇವರೇ ಎಂದುಕೊಂಡಳು. ಮರುದಿನ ಒಲೆಯ ಮುಂದೆ ಕುಳಿತು ಬೆನ್ನು ತಿರುಗಿಸದೆಯೇ ಹೇಳಿದಳು:

“ಇಡ್ರಿ.”

ಅದೊಂದು ಮಾತಿನಿಂದ ಅವಳು ಮಗನನ್ನು ಮಣ್ಣು ಮಾಡಿದ್ದಳು. ಚಿಕ್ಕೇರೂರಿನಿಂದ ಬಂದ ಸರೋಜವ್ವನ ನಾದಿನಿ ಗುತ್ತೆವ್ವ ಕೂಸಿನ ಕಿವಿಯಲ್ಲಿ ಹೆಸರು ಕೂಗಿದಳು, ಬೆನ್ನ ಮೇಲೆ ಗುದ್ದುಗಳು ಬಿದ್ದವು, ಹೆಂಗಸರು ನಕ್ಕರು. ಈ ಸಲ ಅಜ್ಜಿಯನ್ನು ಕೆಣಕಲು ಯಾರಿಗೂ ಧೈರ್ಯವಾಗಲಿಲ್ಲ. ಮೂಲೆಯಲ್ಲಿ ರೋಶನಬಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಆಮೇಲೆ ದಿನಾ ಗೋಡೆಯಾಚೆಯಿಂದ ಅವಳ ಹಳೆಯ ಗಂಟಲು ಮತ್ತೆ ಕೇಳತೊಡಗಿತು: “ಏ ಕುಬೇರಪ್ಪಾ, ಹಾಲ ಕುಡದೇನೋ?” ಕೂಸು ಆ ಕಡೆ ಕಿವಿ ಕೊಡುತ್ತಿತ್ತು. ದಾನವ್ವ ಮಾತ್ರ ಅದನ್ನು ಎತ್ತುತ್ತಿದ್ದಳು, ಎರೆಯುತ್ತಿದ್ದಳು, ಜೋಗುಳ ಹಾಡುತ್ತಿದ್ದಳು, ಹೆಸರು ಹಿಡಿಯುತ್ತಿರಲಿಲ್ಲ.

ಕೂಸು ಮಗ್ಗಲು ಹೊರಳಿ, ಕೂರಲು ಕಲಿತ ಮೇಲೆ ಅಳಿಯ ಕರೆದೊಯ್ಯಲು ಬಂದ. ಬಸ್ ನಿಲ್ಲುವ ಕಡೆಗೆ ದಾನವ್ವ, ಮಲ್ಲೇಶಪ್ಪ ಇಬ್ಬರೂ ಬಂದರು. ಹಾವೇರಿಗೆ ಹೋಗಿ ಅಲ್ಲಿಂದ ಹಿರೇಕೆರೂರಿನ ಬಸ್ಸು ಹಿಡಿಯಬೇಕು. ಈಗಿನ ಬಸ್ಸಿಗೆ ಹಿಂದೆ ಹಂಡೆ ಇರಲಿಲ್ಲ. ಸಾಮಾನೆಲ್ಲ ಏರಿತು, ಅಳಿಯ ಏರಿದ, ಸರೋಜವ್ವ ಕೂಸನ್ನು ಎತ್ತಿಕೊಂಡು ಏರಿ ಕಿಟಕಿಯ ಹತ್ತಿರ ಕುಳಿತಳು. ಕೂಸು ಅವಳ ಹೆಗಲ ಮೇಲೆ ಆ ಕಡೆ ಮುಖ ಮಾಡಿತ್ತು. ನೀಲಿ ಅಂಗಿಯ ಸಣ್ಣ ಬೆನ್ನು ಮಾತ್ರ ಈ ಕಡೆ. ಡ್ರೈವರ ಗಾಡಿ ಚಾಲೂ ಮಾಡಿದ. ಜನರ ಗದ್ದಲ, ಗಾಡಿಯ ಗದ್ದಲ.

ದಾನವ್ವನ ಪಕ್ಕದಲ್ಲಿ ಗಂಡ ರುಮಾಲು ಸುತ್ತಿಕೊಂಡು ನಿಂತಿದ್ದ. ಅವಳು ಅವನ ಕಡೆ ನೋಡಲಿಲ್ಲ. ಬಾಯಿಗೆ ಹೋಗುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕುಬೇರಪ್ಪಾ!”

ಆ ದನಿ ಅವಳದೇ ಎಂದು ಅವಳಿಗೇ ಗೊತ್ತಾಗಲಿಲ್ಲ. ಅಂಗಡಿಗಳ ಮುಂದೆ ಕುಳಿತವರು ತಲೆ ಎತ್ತಿದರು.

“ಕುಬೇರಪ್ಪಾ! ಏ ನನ್ನಪ್ಪಾ, ಕುಬೇರಪ್ಪಾ!”

ಕೂಸು ತಟ್ಟನೆ ತಿರುಗಿತು. ತಾಯಿಯ ಹೆಗಲಿಗೆ ಗದ್ದ ಊರಿ, ಎರಡು ಕಣ್ಣು ತೆರೆದು ಅಜ್ಜಿಯನ್ನೇ ನೋಡಿತು. ಬಸ್ಸು ಸಾಗಿ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಲೇ ಇತ್ತು.

ದಾನವ್ವ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಇಷ್ಟೇ ಬೇಕಾಗಿತ್ತು. ಇಷ್ಟೇ ಇತ್ತು. ಮಲ್ಲೇಶಪ್ಪ ಅವಳ ಪಕ್ಕ ಬಂದು ಕುಳಿತು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಅವತ್ತ ನೀ ಹಿಂಗ ಕರದಿದ್ರ” ಎಂದ, “ನಾ ಏನೂ ಅಂತಿದ್ದಿಲ್ಲ.”

ದಾನವ್ವ ಗಂಡನ ಮುಖ ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಅದನ್ನ ನೀವು ಅವತ್ತ ಹೇಳಬೇಕಿತ್ರಿ” ಎಂದಳು.